ಹಾಡಿನಿಂದ ಹಾಡುಗಾರನನ್ನೇ ಹೊರಗಿಟ್ಟ ರೇಡಿಯೊ ರಿಪೇರಿಗಾರ: ಕಿಂಗ್ ಟಬ್ಬಿ

ರೆಗೆ ಸಂಗೀತ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಬಾಬ್ ಮಾರ್ಲಿ ಒಬ್ಬನೇ. ಗೋವಾದ ಕಡಲ ದಂಡೆಯಲ್ಲೋ ಮುಂಬೈನ ಫುಟ್‌ಪಾತ್‌ನಲ್ಲೋ ಮಾರುವ ಟೀ ಶರ್ಟಿನ ಮೇಲೆ ಜಡೆಗಟ್ಟಿದ ಕೂದಲಿನ ಆ ಮುಖವನ್ನು ನೋಡದವರು ಕಡಿಮೆ. ಮಾರ್ಲಿಯ ಕಾಲದಲ್ಲೇ, ಮಾರ್ಲಿ ಇದ್ದ ಊರಿನಲ್ಲೇ ಇನ್ನೊಬ್ಬನಿದ್ದ. ಆತ ಹಾಡಲಿಲ್ಲ. ಗಿಟಾರು, ಡ್ರಮ್ಮು ಯಾವುದನ್ನೂ ನುಡಿಸಿ ಹೆಸರು ಮಾಡಲಿಲ್ಲ. ಬೆಸುಗೆ ಹಾಕುವುದು, ಟ್ರಾನ್ಸ್‌ಫಾರ್ಮರ್ ಸುತ್ತುವುದು, ಕೆಟ್ಟ ರೇಡಿಯೊ ಸರಿ ಮಾಡುವುದು ಆತನ ಕಸುಬು. ಇಂದು ನೀವು ಕೇಳುವ ರೀಮಿಕ್ಸ್ ಹಾಡುಗಳ ಹಿಂದೆ, ಸಿನಿಮಾ ಹಾಡಿನ ನಡುವೆ ತಾಳ ಮಾತ್ರ ಉಳಿದು ದನಿ ಮರೆಯಾಗುವ ಆ ಕ್ಷಣದ ಹಿಂದೆ ಈ ರಿಪೇರಿಗಾರನ ಕೈ ಇದೆ. ಹೆಸರು ಕಿಂಗ್ ಟಬ್ಬಿ.

ಹುಟ್ಟು ಹೆಸರು ಓಸ್ಬೋರ್ನ್ ರಡಕ್. 1941ರ ಜನವರಿ 28ರಂದು ಜಮೈಕಾದ ರಾಜಧಾನಿ ಕಿಂಗ್‌ಸ್ಟನ್‌ನಲ್ಲಿ ಹುಟ್ಟಿದ. ಆಗ ಜಮೈಕಾ ಬ್ರಿಟಿಷರ ವಸಾಹತು. ಸ್ವಾತಂತ್ರ್ಯ ಬಂದದ್ದು 1962ರ ಆಗಸ್ಟ್‌ನಲ್ಲಿ. ಟಬ್ಬಿ ಎಂದರೆ ಡುಮ್ಮ ಎಂದು ಯಾರಾದರೂ ಊಹಿಸಬಹುದು. ಆದರೆ ತಾಯಿಯ ತವರಿನ ಹೆಸರು ಟಬ್‌ಮನ್ ಎಂದಿತ್ತು, ಅದೇ ಕಿರಿದಾಗಿ ಟಬ್ಬಿ ಆಯಿತು ಎನ್ನುತ್ತಾರೆ. ಬಾಲ್ಯ ಕಳೆದದ್ದು ನಗರದ ನಡುಭಾಗದ ಹೈ ಹೋಲ್ಬೋರ್ನ್ ಬೀದಿಯ ಕಡೆ. ಆಮೇಲೆ ಮನೆ ಪಶ್ಚಿಮ ಕಿಂಗ್‌ಸ್ಟನ್‌ನ ವಾಟರ್‌ಹೌಸ್ ಎಂಬ ಬಡವರ ಬಡಾವಣೆಗೆ ಬಂತು. ಕೊನೆಯವರೆಗೂ ಆತನ ಕೆಲಸದ ಜಾಗ ಅದೇ.

ಟಬ್ಬಿಯ ಕಥೆ ಅರ್ಥವಾಗಬೇಕಾದರೆ ಕಿಂಗ್‌ಸ್ಟನ್‌ನ ಸೌಂಡ್ ಸಿಸ್ಟಮ್‌ಗಳು ಏನೆಂದು ತಿಳಿಯಬೇಕು. ನಮ್ಮ ಕಡೆ ಮದುವೆಗೆ, ಜಾತ್ರೆಗೆ, ಗಣೇಶನ ಪೆಂಡಾಲಿಗೆ ಮೈಕ್‌ಸೆಟ್ಟಿನವರು ಬರುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ. 1950ರ ದಶಕದಿಂದ ಅಲ್ಲಿ ಬೀರುವಿನಷ್ಟು ಎತ್ತರದ ಸ್ಪೀಕರ್ ಪೆಟ್ಟಿಗೆಗಳನ್ನು ಲಾರಿಯಲ್ಲಿ ಹೇರಿಕೊಂಡು ಬಂದು, ಬಯಲಿನಲ್ಲಿ ಜೋಡಿಸಿ, ರಾತ್ರಿಯಿಡೀ ಕುಣಿತ ನಡೆಸುತ್ತಿದ್ದರು. ಬಡವರ ಮನೆಯಲ್ಲಿ ರೆಕಾರ್ಡ್ ಪ್ಲೇಯರ್ ಇಲ್ಲ. ರೇಡಿಯೊದಲ್ಲಿ ಅವರಿಗೆ ಬೇಕಾದ ಹಾಡು ಬರುವುದಿಲ್ಲ. ಹೀಗಾಗಿ ಈ ಬಯಲೇ ಸಂಗೀತ ಸಭೆ. ಮೈಕ್‌ಸೆಟ್‌ಗಳ ನಡುವೆ ಪೈಪೋಟಿ ಎಷ್ಟಿತ್ತೆಂದರೆ, ತಮ್ಮ ಬಳಿ ಇರುವ ಅಮೆರಿಕದ ರೆಕಾರ್ಡ್ ಯಾವುದೆಂದು ಎದುರಾಳಿಗೆ ತಿಳಿಯಬಾರದು ಎಂದು ತಟ್ಟೆಯ ಮೇಲಿನ ಲೇಬಲ್ ಕೆರೆದುಹಾಕುತ್ತಿದ್ದರು.

ಇಷ್ಟು ಪೆಟ್ಟಿಗೆ, ಇಷ್ಟು ಆಂಪ್ಲಿಫೈಯರ್ ಇದ್ದಲ್ಲಿ ರಿಪೇರಿಯವನಿಗೆ ಕೆಲಸ ಕಡಿಮೆಯೇ? ಹರೆಯದಲ್ಲೇ ಎಲೆಕ್ಟ್ರಾನಿಕ್ಸ್ ಕಲಿತ ಟಬ್ಬಿ ಇಡೀ ಊರಿನ ಮೈಕ್‌ಸೆಟ್‌ಗಳಿಗೆ ವೈದ್ಯನಾದ. ಸುಟ್ಟ ಕಾಯಿಲ್ ಬದಲಿಸಿದ, ಆಂಪ್ಲಿಫೈಯರ್‌ಗಳನ್ನು ತಾನೇ ಕಟ್ಟಿಕೊಟ್ಟ. 1960ರ ದಶಕದ ಕೊನೆಯ ಹೊತ್ತಿಗೆ ಹೋಮ್‌ಟೌನ್ ಹೈ-ಫೈ ಎಂಬ ಆತನದೇ ಸೆಟ್ ಹೆಸರು ಮಾಡಿತ್ತು. ಗಾತ್ರದಲ್ಲಿ ಅದಕ್ಕಿಂತ ದೊಡ್ಡವು ಇದ್ದವು, ದನಿಯ ಸ್ವಚ್ಛತೆಯಲ್ಲಿ ಇರಲಿಲ್ಲ. ತಗ್ಗಿನ ಬೇಸ್‌ಗೆ ವಾಲ್ವ್ ಆಂಪ್ಲಿಫೈಯರ್, ಮೇಲಿನ ಸ್ವರಗಳಿಗೆ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಎಂದು ಬೇರೆ ಬೇರೆ ಇಟ್ಟಿದ್ದ. ಸ್ಟುಡಿಯೊದಲ್ಲಷ್ಟೇ ಇರುತ್ತಿದ್ದ ಪ್ರತಿಧ್ವನಿಯ ಯಂತ್ರವನ್ನು ಬಯಲಿಗೆ ತಂದ. ಮೈಕಿನಲ್ಲಿ ಆಡಿದ ಮಾತು ಕತ್ತಲಲ್ಲಿ ಅಲೆಅಲೆಯಾಗಿ ಮರಳಿ ಬರುವುದನ್ನು ಕೇಳಿ ಜನ ಬೆರಗಾದರು.

ಮರೆತು ಹೋದ ದನಿ

ಅದೇ ಹೊತ್ತಿಗೆ ಟಬ್ಬಿಗೆ ಇನ್ನೊಂದು ಕೆಲಸವೂ ಇತ್ತು. ಡ್ಯೂಕ್ ರೀಡ್ ಎಂಬಾತ ಹಿಂದೆ ಪೊಲೀಸಿನವನು, ಆಮೇಲೆ ಮದ್ಯದಂಗಡಿ ಮಾಲೀಕ. ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡೇ ಓಡಾಡುವ ಮನುಷ್ಯ. ಬಾಂಡ್ ಬೀದಿಯ ಆ ಅಂಗಡಿಯ ಮೇಲಿನ ಅಂತಸ್ತಿನಲ್ಲಿ ಟ್ರೆಷರ್ ಐಲ್ ಎಂಬ ಸ್ಟುಡಿಯೊ ನಡೆಸುತ್ತಿದ್ದ. ಅಲ್ಲಿ ಹಾಡುಗಳನ್ನು ಟೇಪಿನಿಂದ ತಟ್ಟೆಗೆ ಕೊರೆಯುವುದು ಟಬ್ಬಿಯ ಪಾಲಿನ ಕೆಲಸ. ಈ ತಟ್ಟೆ ಅಲ್ಯೂಮಿನಿಯಂ ಮೇಲೆ ಮೆದುವಾದ ಲ್ಯಾಕರ್ ಬಳಿದದ್ದು. ಕೆಲವು ಹತ್ತು ಸಲ ನುಡಿಸಿದರೆ ಸವೆದುಹೋಗುತ್ತದೆ. ಮಾರಾಟಕ್ಕಲ್ಲ, ಸೌಂಡ್ ಸಿಸ್ಟಮ್‌ನವರು ಹೊಸ ಹಾಡನ್ನು ಬೇರೆಯವರಿಗಿಂತ ಮೊದಲು ನುಡಿಸಲಿ ಎಂದು ಮಾಡುವುದು. ಹೆಸರು ಡಬ್‌ಪ್ಲೇಟ್.

ಡಬ್ ಎಂಬ ಪದ ಕೇಳಿದೊಡನೆ ಕನ್ನಡಿಗರಿಗೆ ನೆನಪಾಗುವುದು ಪರಭಾಷಾ ಚಿತ್ರಗಳ ಡಬ್ಬಿಂಗ್, ಅದರ ಸುತ್ತ ದಶಕಗಳ ಕಾಲ ನಡೆದ ಜಗಳ. ಎರಡಕ್ಕೂ ಮೂಲ ಒಂದೇ, ಒಂದು ದನಿಯನ್ನು ಇನ್ನೊಂದು ಕಡೆಗೆ ಇಳಿಸಿಕೊಳ್ಳುವುದು. ಸಿನಿಮಾದವರು ಮೂಲ ದನಿ ತೆಗೆದು ಬೇರೆ ದನಿ ಕೂರಿಸಿದರು. ಜಮೈಕಾದಲ್ಲಿ ಮೂಲ ದನಿ ತೆಗೆದರು, ಜಾಗ ಖಾಲಿ ಬಿಟ್ಟರು.

ಖಾಲಿ ಬಿಟ್ಟದ್ದು ಮೊದಲು ಕೈತಪ್ಪಿನಿಂದ. 1967-68ರ ಹೊತ್ತು. ಸ್ಪ್ಯಾನಿಷ್ ಟೌನ್‌ನ ರಡ್ಡಿ ರೆಡ್‌ವುಡ್ ಎಂಬ ಸೌಂಡ್ ಸಿಸ್ಟಮ್ ಮಾಲೀಕ ದಿ ಪ್ಯಾರಗಾನ್ಸ್ ತಂಡದ ಒಂದು ಜನಪ್ರಿಯ ಹಾಡಿನ ತಟ್ಟೆ ಕೊರೆಸಿಕೊಳ್ಳಲು ಟ್ರೆಷರ್ ಐಲ್‌ಗೆ ಬಂದಿದ್ದ. ಎಂಜಿನಿಯರ್ ಬೈರನ್ ಸ್ಮಿತ್ ಹಾಡುಗಾರರ ದನಿಯ ಟ್ರ್ಯಾಕ್ ಸೇರಿಸುವುದನ್ನು ಮರೆತ. ರೆಡ್‌ವುಡ್ ಆ ತಟ್ಟೆಯನ್ನು ಬಿಸಾಡದೆ ಹಾಗೆಯೇ ಒಯ್ದ. ಅಂದಿನ ಕುಣಿತದಲ್ಲಿ ಮೊದಲು ದನಿಯಿದ್ದ ಹಾಡು, ನಂತರ ದನಿಯಿಲ್ಲದ್ದು ನುಡಿಸಿದ. ಬಯಲಿಗೆ ಬಯಲೇ ತಾನಾಗಿ ಹಾಡತೊಡಗಿತು. ಹಾಡುಗಾರ ಬಿಟ್ಟುಹೋದ ಜಾಗವನ್ನು ಜನ ತುಂಬಿದರು.

ಅಲ್ಲಿಂದ ಮುಂದೆ ಜಮೈಕಾದ ಪ್ರತಿ ಸಣ್ಣ ರೆಕಾರ್ಡಿನ ಒಂದು ಬದಿಗೆ ಹಾಡು, ಹಿಂಬದಿಗೆ ಅದರದೇ ದನಿಯಿಲ್ಲದ ರೂಪ ಬರತೊಡಗಿತು. ಅದನ್ನು ವರ್ಷನ್ ಎಂದರು. ಇದರಲ್ಲಿ ಕಲೆಯಷ್ಟೇ ಇರಲಿಲ್ಲ, ಜಿಪುಣತನವೂ ಇತ್ತು. ಹಿಂಬದಿಗೆಂದು ಇನ್ನೊಂದು ಹಾಡು ಬರೆಸುವ, ವಾದ್ಯದವರಿಗೆ ಇನ್ನೊಮ್ಮೆ ಸಂಬಳ ಕೊಡುವ ಖರ್ಚು ನಿರ್ಮಾಪಕನಿಗೆ ಉಳಿಯಿತು. ಒಂದೇ ತಾಳದ ಟೇಪನ್ನು ಹತ್ತಾರು ಹಾಡುಗಳಿಗೆ ಬಳಸಿದ್ದುಂಟು. ನುಡಿಸಿದವನಿಗೆ ಸಿಕ್ಕಿದ್ದು ಹೆಚ್ಚಾಗಿ ಮೊದಲ ದಿನದ ಕೂಲಿ ಮಾತ್ರ.

ಟಬ್ಬಿಯ ಸೆಟ್‌ನಲ್ಲಿ ಈ ಖಾಲಿ ಜಾಗವನ್ನು ತುಂಬಿದಾತ ಯು-ರಾಯ್. ನಿಜವಾದ ಹೆಸರು ಯುವರ್ಟ್ ಬೆಕ್‌ಫರ್ಡ್. ಮೈಕ್ ಹಿಡಿದು ತಾಳಕ್ಕೆ ಸರಿಯಾಗಿ ಮಾತು, ಪ್ರಾಸ, ಕೂಗು, ತಮಾಷೆ ಎಲ್ಲ ಬೆರೆಸುತ್ತಿದ್ದ. 1970ರಲ್ಲಿ ಡ್ಯೂಕ್ ರೀಡ್‌ಗಾಗಿ ಮಾಡಿದ ಆತನ ಮೂರು ರೆಕಾರ್ಡುಗಳು ಜಮೈಕಾದ ಪಟ್ಟಿಯ ಮೊದಲ ಮೂರು ಸ್ಥಾನಗಳನ್ನು ಒಟ್ಟಿಗೆ ಹಿಡಿದವು. ನ್ಯೂಯಾರ್ಕಿನಲ್ಲಿ ಹಿಪ್-ಹಾಪ್ ಹುಟ್ಟುವುದಕ್ಕೆ ಇನ್ನೂ ಮೂರು ವರ್ಷ ಬಾಕಿಯಿತ್ತು. 1973ರ ಆಗಸ್ಟ್‌ನಲ್ಲಿ ಬ್ರಾಂಕ್ಸ್‌ನಲ್ಲಿ ಆ ಸಂಗೀತಕ್ಕೆ ನಾಂದಿ ಹಾಡಿದ ಕೂಲ್ ಹರ್ಕ್ ಕೂಡ ಕಿಂಗ್‌ಸ್ಟನ್‌ನಲ್ಲೇ ಹುಟ್ಟಿದವನು ಎಂಬುದನ್ನು ಇಲ್ಲಿ ನೆನೆಯಬೇಕು.

ಬಚ್ಚಲುಮನೆಯಲ್ಲಿ ಹಾಡು, ಕೋಣೆಯಲ್ಲಿ ಗುಡುಗು

1970ರ ದಶಕದ ಆರಂಭದಲ್ಲಿ ಟಬ್ಬಿ ವಾಟರ್‌ಹೌಸ್‌ನ ಡ್ರೊಮಿಲಿ ಅವೆನ್ಯೂ 18ನೇ ನಂಬರಿನ ಮನೆಯಲ್ಲಿ ಸ್ವಂತ ಸ್ಟುಡಿಯೊ ಮಾಡಿದ. ಊರಿನ ದೊಡ್ಡ ಸ್ಟುಡಿಯೊ ಡೈನಮಿಕ್ಸ್‌ನವರು 16 ಟ್ರ್ಯಾಕ್‌ಗೆ ಏರಿದ್ದರಿಂದ ಹಳೆಯ ಎಂಸಿಐ ಮಿಕ್ಸಿಂಗ್ ಮೇಜು ಅವರಿಗೆ ಬೇಡವಾಗಿತ್ತು. ನಿರ್ಮಾಪಕ ಬನ್ನಿ ಲೀ ನಡುವೆ ನಿಂತು ಅದನ್ನು ಟಬ್ಬಿಗೆ ಕೊಡಿಸಿದ. ಟ್ರ್ಯಾಕ್‌ಗಳು ನಾಲ್ಕೇ. ಒಂದು ತಂಡ ಕುಳಿತು ನುಡಿಸುವಷ್ಟು ಜಾಗ ಆ ಮನೆಯಲ್ಲಿ ಇರಲಿಲ್ಲ. ಬಚ್ಚಲುಮನೆಯನ್ನೇ ಹಾಡುಗಾರರ ಕೋಣೆ ಮಾಡಿದ್ದ. ವಾದ್ಯಗಳೆಲ್ಲ ರ‍್ಯಾಂಡೀಸ್, ಚಾನೆಲ್ ಒನ್, ಡೈನಮಿಕ್ಸ್‌ನಂಥ ಬೇರೆ ಸ್ಟುಡಿಯೊಗಳಲ್ಲಿ ಧ್ವನಿಮುದ್ರಣವಾಗಿ ಟೇಪಿನ ಸುರುಳಿಯಾಗಿ ಬರುತ್ತಿದ್ದವು. ಟಬ್ಬಿ ಆ ಸುರುಳಿ ಹಾಕಿ, ಮೇಜಿನ ಮುಂದೆ ಕುಳಿತು, ಹಾಡನ್ನು ಬಿಚ್ಚುತ್ತಿದ್ದ.

ಏನು ಮಾಡುತ್ತಿದ್ದ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಡಬ್ ಕೇಳುವ ಸುಖವೆಲ್ಲ ಅಲ್ಲಿದೆ. ನಾಲ್ಕು ಟ್ರ್ಯಾಕ್ ಎಂದರೆ ಸ್ಥೂಲವಾಗಿ ಡ್ರಮ್ ಮತ್ತು ಬೇಸ್ ಒಂದು ಕಡೆ, ಗಿಟಾರು-ಪಿಯಾನೊ ಇನ್ನೊಂದು ಕಡೆ, ಕೊಂಬು ಕಹಳೆ ಮತ್ತೊಂದು, ಹಾಡುಗಾರ ಕೊನೆಯದು ಎಂದುಕೊಳ್ಳಿ. ಪ್ರತಿಯೊಂದಕ್ಕೂ ಜಾರುವ ಒಂದು ಗುಂಡಿ. ಹಾಡುಗಾರ ಒಂದು ಸಾಲು ಆರಂಭಿಸುತ್ತಾನೆ, ಅದು ಮುಗಿಯುವ ಮೊದಲೇ ಟಬ್ಬಿ ಗುಂಡಿ ಕೆಳಗಿಳಿಸುತ್ತಾನೆ. ಕೊನೆಯ ಅಕ್ಷರ ಮಾತ್ರ ಟೇಪ್ ಎಕೋ ಯಂತ್ರಕ್ಕೆ ಸಿಕ್ಕಿ ಸುತ್ತತೊಡಗುತ್ತದೆ, ದೂರವಾಗುತ್ತಾ ಕರಗುತ್ತದೆ. ಗಿಟಾರು ಒಂದು ಸಲ ಚಕ್ ಎಂದು ಬಂದು ಮಾಯ. ಆಮೇಲೆ ಎಲ್ಲ ವಾದ್ಯವೂ ಹೋಗಿ ಬೇಸ್ ಒಂದೇ ನಡೆಯುತ್ತದೆ. ಬೇಸ್ ಕೂಡ ಹೋಗುತ್ತದೆ. ನಿಶ್ಶಬ್ದ. ಇನ್ನೇನು ಹಾಡು ಮುಗಿಯಿತು ಎನ್ನುವಷ್ಟರಲ್ಲಿ ಡ್ರಮ್ಮಿನ ಒಂದೇ ಪೆಟ್ಟು ಗುಹೆಯೊಳಗಿಂದ ಬಂದ ಹಾಗೆ ಬಂದು, ಎಲ್ಲವೂ ಮರಳಿ ಸೇರಿಕೊಳ್ಳುತ್ತದೆ.

ಆ ಗುಹೆಯ ದನಿ ಬರುತ್ತಿದ್ದದ್ದು ಸ್ಪ್ರಿಂಗ್ ರಿವರ್ಬ್ ಎಂಬ ಪೆಟ್ಟಿಗೆಯಿಂದ. ಒಳಗೆ ನಿಜವಾಗಿಯೂ ಸುರುಳಿ ತಂತಿಗಳೇ ಇರುತ್ತವೆ, ದನಿ ಅವುಗಳಲ್ಲಿ ಓಡಾಡಿ ಗುಯ್ಗುಡುತ್ತದೆ. ಟಬ್ಬಿ ಆ ಪೆಟ್ಟಿಗೆಗೇ ಒಮ್ಮೊಮ್ಮೆ ಗುದ್ದು ಕೊಡುತ್ತಿದ್ದ. ಸ್ಪ್ರಿಂಗ್ ಅದುರಿ ಟೇಪಿನ ಮೇಲೆ ಗುಡುಗು ಬೀಳುತ್ತಿತ್ತು. ಮೇಜಿನ ಮೇಲೆ ಒಂದು ದೊಡ್ಡ ತಿರುಗುಗುಂಡಿಯೂ ಇತ್ತು, ಹೈ-ಪಾಸ್ ಫಿಲ್ಟರ್. ತಿರುಗಿಸಿದಂತೆ 70 ಹರ್ಟ್ಸ್‌ನಿಂದ 7,500 ಹರ್ಟ್ಸ್‌ವರೆಗೆ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿನ ಸ್ವರಗಳನ್ನು ಕತ್ತರಿಸುತ್ತಾ ಹೋಗುತ್ತದೆ. ಕೊನೆಗೆ ಝಲ್ಲರಿಯ ಸೀತ್ಕಾರ ಮಾತ್ರ ಉಳಿಯುತ್ತದೆ. 1974-75ರಲ್ಲಿ ಬನ್ನಿ ಲೀಯ ಧ್ವನಿಮುದ್ರಣಗಳಲ್ಲಿ ಸ್ಯಾಂಟಾ ಡೇವಿಸ್ ಎಂಬ ಡ್ರಮ್ಮರ್ ತೆರೆದ ಹೈ-ಹ್ಯಾಟ್ ಮೇಲೆ ಹೊಡೆಯುವ ಹೊಸ ಶೈಲಿ ತಂದಿದ್ದ. ಆ ತ್ಸ್ ತ್ಸ್ ಸದ್ದಿಗೂ ಈ ಗುಂಡಿಗೂ ಹೇಳಿ ಮಾಡಿಸಿದ ಜೋಡಿ. ಜಾನಿ ಕ್ಲಾರ್ಕ್ ಹಾಡುಗಳ ಹಿಂಬದಿ ತಿರುವಿ ಹಾಕಿದರೆ ಇದು ಸ್ಪಷ್ಟವಾಗಿ ಕೇಳುತ್ತದೆ.

ಇದೆಲ್ಲ ಕಂಪ್ಯೂಟರ್ ಇಲ್ಲದ ಕಾಲ. ತಪ್ಪಿದರೆ ಹಿಂದಕ್ಕೆ ಹೋಗಿ ಆ ಒಂದು ಸೆಕೆಂಡನ್ನು ತಿದ್ದುವ ಅನುಕೂಲವಿಲ್ಲ. ಹಾಡು ಓಡುತ್ತಿರುವಾಗಲೇ ಎರಡೂ ಕೈ ಮೇಜಿನ ಮೇಲೆ ಆಡಬೇಕು, ಫಲ ನೇರವಾಗಿ ಇನ್ನೊಂದು ಟೇಪಿಗೆ ಇಳಿಯಬೇಕು. ಒಂದೇ ಹಾಡನ್ನು ನಾಲ್ಕು ಸಲ ಡಬ್ ಮಾಡಿದರೆ ನಾಲ್ಕೂ ಬೇರೆ. ರಾಗ ಒಂದೇ ಇದ್ದರೂ ಕಛೇರಿಯಿಂದ ಕಛೇರಿಗೆ ಆಲಾಪನೆ ಬದಲಾಗುವುದನ್ನು ಕೇಳಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಎಂಜಿನಿಯರ್ ಎಂದರೆ ಗಾಜಿನ ಹಿಂದೆ ಕೂತ ಗುಮಾಸ್ತ ಎಂಬ ಭಾವನೆ ಇದ್ದ ಕಾಲದಲ್ಲಿ, ಟಬ್ಬಿ ಆ ಮೇಜನ್ನೇ ವಾದ್ಯ ಮಾಡಿಕೊಂಡ.

ಇಂಥದ್ದನ್ನು ಮಾಡಿದವನು ಆತನೊಬ್ಬನೇ ಎನ್ನುವುದು ಸರಿಯಲ್ಲ. ರ‍್ಯಾಂಡೀಸ್‌ನ ಎರ‍್ರಲ್ ಥಾಂಪ್ಸನ್, ಸ್ಟುಡಿಯೊ ಒನ್‌ನ ಸಿಲ್ವನ್ ಮಾರಿಸ್ ಅದೇ ವರ್ಷಗಳಲ್ಲಿ ಅದೇ ದಾರಿಯಲ್ಲಿದ್ದರು. ಮೊದಲ ಡಬ್ ಎಲ್‌ಪಿ ಯಾವುದು ಎಂಬ ವಾದ ಇಂದಿಗೂ ಮುಗಿದಿಲ್ಲ. ಲೀ ಪೆರ‍್ರಿ ಮತ್ತು ಟಬ್ಬಿ ಕೂಡಿ 1973ರಲ್ಲಿ ಮಾಡಿದ 'ಬ್ಲ್ಯಾಕ್‌ಬೋರ್ಡ್ ಜಂಗಲ್ ಡಬ್' ಆ ವಾದದಲ್ಲಿ ಯಾವಾಗಲೂ ಬರುವ ಹೆಸರು. ಮೊದಲು ಯಾರು ಎಂಬುದಕ್ಕಿಂತ ಯಾರ ಕೈ ಹೆಚ್ಚು ಪಳಗಿತ್ತು ಎಂದು ಕೇಳಿದರೆ ಉತ್ತರ ಸುಲಭ. ಪೆರ‍್ರಿ ಅತಿರೇಕಿ, ಕೈಗೆ ಸಿಕ್ಕಿದ್ದನ್ನೆಲ್ಲ ಸುರಿಯುತ್ತಿದ್ದ. ಟಬ್ಬಿ ಅಳೆದು ತೂಗಿ ತೆಗೆಯುತ್ತಿದ್ದ. ಮನುಷ್ಯನೂ ಹಾಗೆಯೇ ಶಿಸ್ತಿನವನು. ಸ್ಟುಡಿಯೊ ಒಪ್ಪ ಓರಣ, ಬಟ್ಟೆ ಇಸ್ತ್ರಿ ಕೆಡದ ಹಾಗೆ. ಬಿಡುವಿನಲ್ಲಿ ಕೇಳುತ್ತಿದ್ದದ್ದು ಅಮೆರಿಕದ ಜಾಝ್.

ಒಂದೇ ಒಂದು ಡಬ್ ಕೇಳುವ ಸಮಯ ನಿಮಗಿದೆ ಎಂದಾದರೆ 'ಕಿಂಗ್ ಟಬ್ಬೀಸ್ ಮೀಟ್ಸ್ ರಾಕರ್ಸ್ ಅಪ್‌ಟೌನ್' ಕೇಳಿ. ಮಕ್ಕಳು ಶಾಲೆಯಲ್ಲಿ ಊದುವ ಮೆಲೋಡಿಕಾ ಎಂಬ ಪುಟ್ಟ ವಾದ್ಯವನ್ನು ಗಂಭೀರ ಸಂಗೀತಕ್ಕೆ ತಂದ ಅಗಸ್ಟಸ್ ಪಾಬ್ಲೊ ಅದರ ನಿರ್ಮಾಪಕ. ಮೂಲ ಹಾಡು ಜೇಕಬ್ ಮಿಲ್ಲರ್ ಹಾಡಿದ ಒಂದು ಪ್ರೇಮಗೀತೆ. 1975ರಲ್ಲಿ ಇಂಗ್ಲೆಂಡಿನ ಐಲ್ಯಾಂಡ್ ಕಂಪನಿ ಆ ಹಾಡನ್ನು ಮುಂಬದಿಗೂ ಟಬ್ಬಿಯ ಡಬ್ಬನ್ನು ಹಿಂಬದಿಗೂ ಇಟ್ಟು ಬಿಡುಗಡೆ ಮಾಡಿತು. ಕೊಂಡವರು ತಟ್ಟೆ ತಿರುವಿ ಹಿಂಬದಿಯನ್ನೇ ಕೇಳತೊಡಗಿದರು. ಮಿಲ್ಲರ್‌ನ ದನಿ ಅಲ್ಲಿ ತುಂಡುತುಂಡಾಗಿ ತೇಲಿ ಹೋಗುತ್ತದೆ, ಕಾರ್ಲ್‌ಟನ್ ಬ್ಯಾರೆಟ್‌ನ ಡ್ರಮ್ಮು ಮತ್ತೆ ಮತ್ತೆ ಒಡೆದು ಮತ್ತೆ ಕೂಡುತ್ತದೆ. ಹಾಡಿನಲ್ಲಿ ಇದ್ದ ಪ್ರೀತಿ ಡಬ್‌ನಲ್ಲಿ ಆ ಪ್ರೀತಿಯ ನೆನಪಾಗಿ ಉಳಿಯುತ್ತದೆ ಎಂದು ನನಗೆ ಅನ್ನಿಸುವುದುಂಟು. ಮಿಲ್ಲರ್ 1980ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ ಮೇಲಂತೂ ಆ ತುಂಡು ದನಿಯನ್ನು ಸುಮ್ಮನೆ ಕೇಳುವುದು ಕಷ್ಟ.

ಮೊಬೈಲ್ ಫೋನಿನ ಪುಟ್ಟ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ. ಅದರಲ್ಲಿ ಬೇಸ್ ಬರುವುದೇ ಇಲ್ಲ, ಬೇಸ್ ಇಲ್ಲದ ಡಬ್ ಎಂದರೆ ಮೃದಂಗವಿಲ್ಲದ ತನಿ ಆವರ್ತನ. ಒಳ್ಳೆಯ ಹೆಡ್‌ಫೋನ್ ಇದ್ದರೆ ಸಾಕು. ಮೊದಲು ಮೂಲ ಹಾಡು, ಬೆನ್ನಿಗೇ ಡಬ್, ಈ ಕ್ರಮದಲ್ಲಿ ಕೇಳಿದರೆ ಏನನ್ನು ತೆಗೆದಿದ್ದಾನೆ ಎಂಬುದು ತಿಳಿಯುತ್ತದೆ. ಹಳೆಯ ಜಮೈಕಾ ರೆಕಾರ್ಡುಗಳಲ್ಲಿ ಚರಪರ ಸದ್ದು ಸಾಮಾನ್ಯ. ಅಲ್ಲಿನ ಮುದ್ರಣದ ಗುಣಮಟ್ಟ ಅಷ್ಟಕ್ಕಷ್ಟೇ ಇತ್ತು. ಸಂಗ್ರಹಕಾರರು ಆ ಚರಪರಕ್ಕೂ ದುಡ್ಡು ಕೊಡುತ್ತಾರೆ, ಅದು ಅವರವರ ಇಷ್ಟ.

ಬೆಂಕಿಯ ಮನೆ

ಟಬ್ಬಿ ಕೆಲಸ ಮಾಡಿದ ಬಡಾವಣೆ ಶಾಂತವಾಗಿರಲಿಲ್ಲ. 1970ರ ದಶಕದಲ್ಲಿ ಜಮೈಕಾದ ಎರಡು ರಾಜಕೀಯ ಪಕ್ಷಗಳ ಜಗಳ ಕಿಂಗ್‌ಸ್ಟನ್‌ನ ಬಡವರ ಕೇರಿಗಳಲ್ಲಿ ಬಂದೂಕಿನ ಜಗಳವಾಯಿತು. 1980ರ ಚುನಾವಣೆಯ ವರ್ಷದಲ್ಲಿ ದೇಶದಲ್ಲಿ ಸುಮಾರು 800 ಜನ ಕೊಲೆಯಾದರು ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ವಾಟರ್‌ಹೌಸ್ ಎಂಬ ಹೆಸರನ್ನೇ ಜನ ತಿರುಚಿ ಫೈರ್‌ಹೌಸ್ ಎಂದರು, ನೀರಿನ ಮನೆ ಬೆಂಕಿಯ ಮನೆಯಾಯಿತು. ರಾತ್ರಿ ಬಯಲಿನ ಕುಣಿತಗಳು ಅಪಾಯವೆನಿಸಿದವು. ಟಬ್ಬಿ ನಿಧಾನವಾಗಿ ಬಯಲಿನಿಂದ ಒಳಗೆ ಸರಿದು ಸ್ಟುಡಿಯೊ ಮತ್ತು ರಿಪೇರಿ ಕೆಲಸಕ್ಕೆ ಹೆಚ್ಚು ಒತ್ತು ಕೊಟ್ಟ.

ಹುಡುಗರನ್ನು ತಯಾರು ಮಾಡಿದ್ದೂ ಅಲ್ಲೇ. ಫಿಲಿಪ್ ಸ್ಮಾರ್ಟ್ ಬಂದ. ಕೆನಡಾದಿಂದ ಮರಳಿದ ಲಾಯ್ಡ್ ಜೇಮ್ಸ್ ಬಂದು ಪ್ರಿನ್ಸ್ ಜಾಮಿ ಎನಿಸಿಕೊಂಡ. ರಾಜನ ಕೈಕೆಳಗೆ ರಾಜಕುಮಾರ. ಹೋಪ್‌ಟನ್ ಬ್ರೌನ್ ಎಂಬ ಹರೆಯದ ಹುಡುಗ ಆಂಪ್ಲಿಫೈಯರ್‌ಗೆ ಟ್ರಾನ್ಸ್‌ಫಾರ್ಮರ್ ಬೇಕೆಂದು ಬರುತ್ತಿದ್ದವನು, ಮಿಕ್ಸಿಂಗ್ ಮೇಜಿನ ಮುಂದೆ ಕೂತ. ಸೈಂಟಿಸ್ಟ್ ಎಂಬ ಹೆಸರಿನಲ್ಲಿ 1980ರ ದಶಕದ ಆರಂಭದಲ್ಲಿ ಆತನ ಡಬ್ ಎಲ್‌ಪಿಗಳು ಗುರುವಿನದಕ್ಕಿಂತ ಹೆಚ್ಚು ಮಾರಾಟದ ಸದ್ದು ಮಾಡಿದವು. ಟಬ್ಬಿ ಅಷ್ಟು ಹೊತ್ತಿಗೆ ಮಿಕ್ಸಿಂಗ್ ಅನ್ನು ಬಹುಪಾಲು ಶಿಷ್ಯರಿಗೆ ಬಿಟ್ಟಿದ್ದ.

1985ರಲ್ಲಿ ಪೆಟ್ಟು ಕೊಟ್ಟವನೂ ಶಿಷ್ಯನೇ. ಪ್ರಿನ್ಸ್ ಜಾಮಿ ಕ್ಯಾಸಿಯೊ ಕಂಪನಿಯ ಒಂದು ಅಗ್ಗದ ಕೀಬೋರ್ಡಿನಲ್ಲಿ ಸಿದ್ಧವಾಗಿದ್ದ ತಾಳವನ್ನೇ ಬಳಸಿ ವೇಯ್ನ್ ಸ್ಮಿತ್‌ನಿಂದ ಒಂದು ಹಾಡು ಹಾಡಿಸಿದ. 'ಅಂಡರ್ ಮಿ ಸ್ಲೆಂಗ್ ಟೆಂಗ್' ಎಂಬ ಆ ಹಾಡಿನಲ್ಲಿ ಡ್ರಮ್ಮರ್ ಇಲ್ಲ, ಬೇಸ್ ನುಡಿಸುವವನಿಲ್ಲ. ಜಮೈಕಾದ ಸಂಗೀತ ಒಂದೇ ವರ್ಷದಲ್ಲಿ ಡಿಜಿಟಲ್ ಕಡೆ ಹೊರಳಿತು, ಜಾಮಿ ರಾಜಕುಮಾರ ಹೋಗಿ ಕಿಂಗ್ ಜಾಮಿ ಆದ. ಟಬ್ಬಿ ಹಳೆಯದನ್ನು ಹಿಡಿದು ಕೂರಲಿಲ್ಲ. ಹೊಸ ಸ್ಟುಡಿಯೊ ಕಟ್ಟಿ, ಫೈರ್‌ಹೌಸ್, ವಾಟರ್‌ಹೌಸ್, ಟಾರಸ್ ಎಂಬ ಲೇಬಲ್‌ಗಳಲ್ಲಿ ತಾನೇ ನಿರ್ಮಾಪಕನಾದ. ಅದೇ ವರ್ಷ ಆಂಥನಿ ರೆಡ್ ರೋಸ್ ಹಾಡಿದ 'ಟೆಂಪೊ' ಶಿಷ್ಯನಿಗೆ ಗುರು ಕೊಟ್ಟ ಉತ್ತರ. ಅಷ್ಟು ವರ್ಷ ಬೇರೆಯವರ ಟೇಪಿಗೆ ಕೂಲಿ ಪಡೆದು ಕೆಲಸ ಮಾಡಿದವನಿಗೆ ಆಗ ಮೊದಲ ಬಾರಿ ಸಂಗೀತದ ಒಡೆತನ ತನ್ನ ಕೈಯಲ್ಲಿತ್ತು.

ಅದು ಹೆಚ್ಚು ದಿನ ಉಳಿಯಲಿಲ್ಲ. 1989ರ ಫೆಬ್ರವರಿ 6ರಂದು ಸ್ಟುಡಿಯೊ ಕೆಲಸ ಮುಗಿಸಿ ಡುಹೇನಿ ಪಾರ್ಕ್‌ನ ಮನೆಗೆ ಮರಳಿದಾಗ ಮನೆಯ ಹೊರಗೇ ಗುಂಡಿಟ್ಟು ಕೊಂದರು. 48 ತುಂಬಿ ಒಂಬತ್ತು ದಿನವಾಗಿತ್ತು. ದರೋಡೆಗಾಗಿ ನಡೆದ ಕೊಲೆ ಎಂದು ನಂಬಲಾಗಿದೆ. ಯಾರಿಗೂ ಶಿಕ್ಷೆಯಾಗಲಿಲ್ಲ. ಮೈಕ್ ಹಿಡಿದವನಲ್ಲದ ಕಾರಣ, ಸಂದರ್ಶನಗಳಿಗೆ ಹೆಚ್ಚು ಸಿಗದ ಕಾರಣ, ಆತ ತನ್ನ ಬಗ್ಗೆ ಹೇಳಿಕೊಂಡ ಮಾತುಗಳೂ ಬಹಳ ಉಳಿದಿಲ್ಲ.

ಹೆಸರು ಮಾತ್ರ ಬೆಳೆಯುತ್ತಾ ಹೋಯಿತು. ಇಂಗ್ಲೆಂಡಿಗೆ ವಲಸೆ ಹೋದ ಜಮೈಕಾದವರ ಸೌಂಡ್ ಸಿಸ್ಟಮ್‌ಗಳ ಮೂಲಕ ಡಬ್ ಲಂಡನ್, ಬ್ರಿಸ್ಟಲ್ ತಲುಪಿತು. ಜಾ ಶಾಕಾ, ಡೆನಿಸ್ ಬೋವೆಲ್, ಮ್ಯಾಡ್ ಪ್ರೊಫೆಸರ್ ಅದನ್ನು ಅಲ್ಲಿ ಬೆಳೆಸಿದರು. ಬರ್ಲಿನ್‌ನ ಟೆಕ್ನೊದವರು ಟಬ್ಬಿಯ ಎಕೋವನ್ನು ತಮ್ಮದಾಗಿಸಿಕೊಂಡರು. ನಮ್ಮಲ್ಲೂ ದೆಹಲಿಯ ಕೆಲವರು ಜಮೈಕಾ ಮಾದರಿಯ ಸೌಂಡ್ ಸಿಸ್ಟಮ್ ಕಟ್ಟಿದ್ದಾರೆ, ಗೋವಾದಲ್ಲಿ ಸನ್‌ಸ್ಪ್ಲಾಶ್ ಎಂಬ ರೆಗೆ ಉತ್ಸವ ನಡೆಯುತ್ತದೆ. 2018ರಲ್ಲಿ ಯುನೆಸ್ಕೊ ಜಮೈಕಾದ ರೆಗೆಯನ್ನು ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ಹೆಸರಿಗೆ ಬೆಲೆ ಬಂದಾಗ ಆಗುವುದು ಇಲ್ಲೂ ಆಗಿದೆ. ಟಬ್ಬಿ ಸತ್ತ ಮೇಲೆ ಆತನ ಹೆಸರು ದೊಡ್ಡಕ್ಷರದಲ್ಲಿ ಹೊತ್ತ ಸಂಕಲನಗಳು ಲೆಕ್ಕವಿಲ್ಲದಷ್ಟು ಬಂದಿವೆ. ಅವುಗಳಲ್ಲಿ ಹಲವನ್ನು ಮಿಕ್ಸ್ ಮಾಡಿದ್ದು ಶಿಷ್ಯರು, ಅಥವಾ ಬೇರೆಯೇ ಯಾರೋ. ಟೇಪು ನಿರ್ಮಾಪಕನದು, ಮೇಜಿನ ಮುಂದೆ ಯಾವ ರಾತ್ರಿ ಯಾರು ಕೂತಿದ್ದರು ಎಂದು ಬರೆದಿಟ್ಟವರು ಕಡಿಮೆ. ಹೊಸದಾಗಿ ಕೇಳುವವರು ಮುಖಪುಟ ನೋಡಿ ಕೊಳ್ಳದೆ, 1970ರ ದಶಕದಲ್ಲೇ ಹೊರಬಂದ ಪಾಬ್ಲೊ, ಬನ್ನಿ ಲೀ, ಯಾಬಿ ಯೂ ಮುಂತಾದವರ ರೆಕಾರ್ಡುಗಳಿಂದ ಆರಂಭಿಸುವುದು ಕ್ಷೇಮ. ಯಾಬಿ ಯೂನ 'ಪ್ರಾಫೆಸಿ ಆಫ್ ಡಬ್' ಅವುಗಳಲ್ಲಿ ಒಂದು.

ಡ್ರೊಮಿಲಿ ಅವೆನ್ಯೂದ ಆ ಎಂಸಿಐ ಮೇಜು ಈಗ ಜಮೈಕಾದಲ್ಲಿಲ್ಲ. ಮೈಕ್ರೋಸಾಫ್ಟ್ ಸಹಸ್ಥಾಪಕ ಪಾಲ್ ಅಲೆನ್ ಅಮೆರಿಕದ ಸಿಯಾಟಲ್‌ನಲ್ಲಿ ಕಟ್ಟಿಸಿದ ಸಂಗೀತ ವಸ್ತುಸಂಗ್ರಹಾಲಯದ ಪಾಲಾಗಿದೆ. ದೊಡ್ಡ ತಿರುಗುಗುಂಡಿಯೂ ಅದರ ಜೊತೆಗೇ ಹೋಯಿತು.